ಬದುವಿನ ಕಲ್ಲಿನ ಅಕ್ಷರ ಉಳಿಸಲು: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಮುಂದಿನ ಎರಡು ಶನಿವಾರ ಸುತ್ತಲಿನ ಊರುಗಳ ಶಾಸನ, ವೀರಗಲ್ಲು, ಮಾಸ್ತಿಕಲ್ಲು (ಸತಿ ಹೋದವರ ನೆನಪಿನ ಕಲ್ಲು)ಗಳನ್ನು ದಾಖಲಿಸಲಿದ್ದಾರೆ. ಇದು ಸ್ವಚ್ಛತಾ ಕಾರ್ಯಕ್ರಮವಲ್ಲ. ಮಕ್ಕಳು ಕಲ್ಲನ್ನು ಉಜ್ಜುವುದಿಲ್ಲ, ಅಲುಗಿಸುವುದೂ ಇಲ್ಲ. ಮೊದಲೇ ಇದನ್ನು ಹೇಳುತ್ತಿರುವುದಕ್ಕೆ ಕಾರಣವಿದೆ: ಎಷ್ಟೋ ಶಾಸನಗಳು ಹಾಳಾಗಿರುವುದು ಭಕ್ತಿಯಿಂದ ಮಾಡಿದ ಕೆಲಸದಿಂದಲೇ.

ಹಬ್ಬಕ್ಕೆಂದು ಎನಾಮೆಲ್ ಬಣ್ಣ ಬಳಿದರೆ ಕಲ್ಲಿನೊಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚಿಹೋಗುತ್ತದೆ. ನೆಲದಿಂದ ಏರಿದ ನೀರಿನ ಲವಣ ಬಣ್ಣದ ಹಿಂದೆ ಹರಳುಗಟ್ಟಿ ಮೇಲ್ಪದರವನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಅಕ್ಷರ ಇರುವುದೇ ಆ ಪದರದಲ್ಲಿ. ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟಿದರೂ ಲವಣದ ಕಾಟ ತಪ್ಪದು, ಜೊತೆಗೆ ಕೆಳಗಿನ ಸಾಲುಗಳು ಹೂತುಹೋಗುತ್ತವೆ. ತಂತಿ ಬ್ರಷ್, ಆಸಿಡ್, ಉಪ್ಪುಕಾಗದ ಬಳಸಿದರಂತೂ ಅಕ್ಷರದ ಅಂಚು ಒಂದೇ ದಿನದಲ್ಲಿ ಸವೆಯುತ್ತದೆ. ಈಗಾಗಲೇ ಬಣ್ಣ ಬಳಿದಿದ್ದರೆ ಹಾಗೆಯೇ ಬಿಡಿ; ಅದನ್ನು ತೆಗೆಯುವುದು ಪರಿಣತ ಸಂರಕ್ಷಕರ ಕೆಲಸ. ಬಿರುಕಿನಲ್ಲಿ ಗಿಡ ಹುಟ್ಟಿದ್ದರೆ ಕಿತ್ತು ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಸೀಳುತ್ತದೆ. ಬುಡದ ಮೇಲಷ್ಟೇ ಕತ್ತರಿಸಿ.

ಮಕ್ಕಳ ಕೆಲಸ ಇಷ್ಟು: ಊರು, ಸರ್ವೆ ನಂಬರ್, ಕಲ್ಲು ಮುಖ ಮಾಡಿರುವ ದಿಕ್ಕು, ಎತ್ತರ, ಅಗಲ, ದಪ್ಪ, ಸಾಲುಗಳ ಎಣಿಕೆ ಬರೆದುಕೊಳ್ಳುವುದು; ಪಕ್ಕದಲ್ಲಿ 30 ಸೆಂ.ಮೀ. ಅಳತೆಪಟ್ಟಿ ಇಟ್ಟು ನಾಲ್ಕೂ ಕಡೆಯಿಂದ ಫೋಟೊ ತೆಗೆಯುವುದು. ನಡುಮಧ್ಯಾಹ್ನದ ನೇರ ಬಿಸಿಲಲ್ಲಿ ಅಕ್ಷರ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲು ಬೇಕು, ಇಲ್ಲವೇ ನೆರಳು ಮಾಡಿ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಪಕ್ಕದಿಂದ ಹಿಡಿಯಬೇಕು. ಆಗ ಸವೆದ ಅಕ್ಷರದ ಹಳ್ಳದಲ್ಲೂ ನೆರಳು ನಿಲ್ಲುತ್ತದೆ. ಅಕ್ಷರಕ್ಕೆ ಸೀಮೆಸುಣ್ಣ ತುಂಬುವಂತಿಲ್ಲ: ತುಂಬುವವರು ತಮಗೆ ಕಂಡ ಅಕ್ಷರವನ್ನೇ ತುಂಬುತ್ತಾರೆ, ಮುಂದೆ ಓದುವವರೂ ಅದೇ ತಪ್ಪಿಗೆ ಬೀಳುತ್ತಾರೆ.

ನಂತರ ನಮ್ಮ ಪಟ್ಟಿಯನ್ನು, ಈ ನಾಡಿನ ಶಾಸನಗಳ ಪಾಠವನ್ನು ಅಚ್ಚು ಮಾಡಿರುವ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳೊಂದಿಗೆ ಹೋಲಿಸುತ್ತೇವೆ. ಶಾಸನ ಸಂಶೋಧಕ ಬಿ. ಎಲ್. ರೈಸ್ ಅವರು ಇದರ ಮೊದಲ ಸಂಪುಟವನ್ನು 1886ರಲ್ಲಿ ಪ್ರಕಟಿಸಿದರು. ಅಲ್ಲಿ ಅಚ್ಚಾದ ಸಾಲು ಇಂದು ಕಲ್ಲಿನ ಮೇಲೆ ಇಲ್ಲದಿದ್ದರೆ ನಷ್ಟ ಎಷ್ಟೆಂದು ಮಕ್ಕಳಿಗೆ ಕಣ್ಣಾರೆ ತಿಳಿಯುತ್ತದೆ.

ಶಾಸನದ ಕಲ್ಲಿನಡಿ ನಿಧಿ ಇದೆ ಎಂಬ ಮಾತನ್ನು ಮನೆಯಲ್ಲಿ ದಯವಿಟ್ಟು ಬೆಳೆಸಬೇಡಿ. ದಾನಶಾಸನದ ಮೇಲ್ತುದಿಯ ಸೂರ್ಯ-ಚಂದ್ರರ ಅರ್ಥ, ಅವರಿರುವವರೆಗೂ ಈ ದಾನ ನಡೆಯಲಿ ಎಂಬುದು. ಅಡಿಯಲ್ಲಿ ಹೊನ್ನಿದೆ ಎಂದು ಅಗೆದಲ್ಲೆಲ್ಲ ಕಲ್ಲು ಉರುಳಿ ಒಡೆಯುತ್ತದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯಡಿ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಮ್ಮ ಬದುಗಳಲ್ಲಿರುವ ಬಹುಪಾಲು ಕಲ್ಲುಗಳಿಗೆ ಆ ರಕ್ಷಣೆ ಇಲ್ಲ. ಅವನ್ನು ಕಾಯಬೇಕಾದವರು ಹೊಲದವರೇ.

ನಿಮ್ಮ ಜಮೀನಿನಲ್ಲಿ ಅಕ್ಷರವಿರುವ ಕಲ್ಲು ಇದ್ದರೆ, ಅದು ಬಟ್ಟೆ ಒಗೆಯುವ ಚಪ್ಪಡಿಯೇ ಆಗಿದ್ದರೂ, ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಿಳಿಸಿ. ಉಳುವಾಗ ಹೊಸ ಕಲ್ಲು ಸಿಕ್ಕರೆ ಟ್ರ್ಯಾಕ್ಟರ್ ನಿಲ್ಲಿಸಿ, ಬಿದ್ದಂತೆಯೇ ಬಿಟ್ಟು, ಒಂದು ಫೋಟೊ ತೆಗೆದು ಶಾಲೆಗೆ ಕಳಿಸಿ. ಮಕ್ಕಳು ಬೂಟು, ಉದ್ದ ತೋಳಿನ ಅಂಗಿ ಹಾಕಿಕೊಂಡು ಬರಲಿ. ಪೊದೆಗಳಲ್ಲಿ ಹಾವಿನ ಭಯವಿದೆ. ಒಪ್ಪಿಗೆ ಚೀಟಿಗೆ ಸಹಿ ಮಾಡಿ ಮಗುವಿನ ಕೈಯಲ್ಲಿ ಕಳಿಸಿಕೊಡಿ.

ಇಂತಿ,
ಮುಖ್ಯ ಶಿಕ್ಷಕರು