ನಿಂತ ಗಾಡಿಯ ಖರ್ಚು

ನಿಗಡಿ, ಪುಣೆ

ಚಿ. ಮಲ್ಲಿಕಾರ್ಜುನನಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಅಕ್ಕನ ಮೊಣಕಾಲು ನೋವು ಈಗ ಹೇಗಿದೆ, ತಿಳಿಸು.

ನೀನು ಮೊಬೈಲಿಗೆ ಕಳಿಸಿದ ಲೆಕ್ಕದ ಹಾಳೆ ನೋಡಿದೆ. ಅಕ್ಷರ ಸಣ್ಣದು, ನಿಮ್ಮ ಅತ್ತಿಯ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬಾಯಿಂದ ಹೇಳಿದ ಲೆಕ್ಕ ನಿನಗೆ ಬೈಗುಳದ ಹಾಗೆ ಕೇಳುತ್ತದೆ, ಅಕ್ಕನಿಗೆ ಅಪಶಕುನದ ಹಾಗೆ. ಅದಕ್ಕೇ ಈ ಕಾಗದ.

ಹಡಪಸರದ ನೌಕರಿ ಬಿಟ್ಟು ಹಿಂಜವಡಿಯ ಐಟಿ ಕಂಪನಿಯ ನೌಕರರನ್ನು ಕರೆತಂದು ಬಿಡಲು ನಾಲ್ಕು ಟೆಂಪೊ ಟ್ರಾವೆಲರ್ ಹಚ್ಚುತ್ತೇನೆ ಅಂತೀಯ. ಒಂದು ಗಾಡಿಗೆ ತಿಂಗಳ ಬಿಲ್ಲು 1,05,000. ಸಾಲದ ಕಂತು 38,000, ಡೀಸೆಲ್ 28,000, ಡ್ರೈವರನ ಪಗಾರ 18,000. ಉಳಿಯುವುದು 21,000, ನಾಲ್ಕು ಗಾಡಿಗೆ 84,000. ಕೂಡಿಸಿದ್ದರಲ್ಲಿ, ಕಳೆದದ್ದರಲ್ಲಿ ತಪ್ಪಿಲ್ಲ. ಆದರೆ ಇದು ಓಡುವ ಗಾಡಿಯ ಲೆಕ್ಕ. ಗಾಡಿ ದಿನಕ್ಕೆ ಆರೇಳು ತಾಸು ಓಡುತ್ತದೆ, ಉಳಿದ ಹೊತ್ತೆಲ್ಲ ನಿಂತಲ್ಲೇ ತಿನ್ನುತ್ತದೆ. ಎತ್ತಾದರೆ ಕೊಟ್ಟಿಗೆಯಲ್ಲಿ ನಿಂತಾಗ ಸೆಗಣಿಯನ್ನಾದರೂ ಕೊಡುತ್ತದೆ.

ಮೊದಲು ವಿಮೆ ಹಿಡಿ. 2022ರ ಜೂನ್‌ನಲ್ಲಿ ಬಂದ ದರದಂತೆ ಬೇರೆಯವರಿಗೆ ಆಗುವ ಹಾನಿಯ ಥರ್ಡ್ ಪಾರ್ಟಿ ವಿಮೆಗೆ ವರ್ಷದ ಕಂತೇ 14,343 ರೂಪಾಯಿ, ಅದರ ಮೇಲೆ ಸೀಟಿಗೆ 877. ನಿನ್ನ ಹದಿನೇಳು ಸೀಟಿಗೆ 29,252, ಜಿಎಸ್‌ಟಿ ಸೇರಿದರೆ 34,500 ದಾಟಿತು. ನಿನ್ನ ಗಾಡಿಯ ತಗ್ಗು-ಗೀರಿಗೆ ಮಾಡಿಸುವ ವಿಮೆ ಬೇರೆ. ಆಮೇಲೆ ರಸ್ತೆ ತೆರಿಗೆ, ಪರ್ಮಿಟ್, ಪಿಯುಸಿ. ಹೊಸ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಪಾಸಿಂಗ್ (ಗಾಡಿ ಓಡಲು ಯೋಗ್ಯವೇ ಎಂಬ ಪರೀಕ್ಷೆ), ಆಮೇಲೆ ಪ್ರತಿ ವರ್ಷ. ಮೋಶಿಯ ಆರ್‌ಟಿಒಗೆ ಗಾಡಿ ಒಯ್ದ ದಿನ ಬಿಲ್ಲಿಲ್ಲ, ಅದರ ಮುಂಚಿನ ಎರಡು ದಿನ ಗ್ಯಾರೇಜಿನಲ್ಲಿ. 80 ಕಿ.ಮೀ. ಮೀರದಂತೆ ಸ್ಪೀಡ್ ಗವರ್ನರ್ ಬೇಕು. 2019ರಿಂದ ಜಿಪಿಎಸ್ ಯಂತ್ರ, ಪ್ಯಾನಿಕ್ ಬಟನ್ ಕೂಡ ಕಡ್ಡಾಯ. ಆ ಯಂತ್ರಕ್ಕೆ ರೀಚಾರ್ಜ್ ಮಾಡಿಸುತ್ತಿರಬೇಕು. ಇದೆಲ್ಲ ಸೇರಿ ನನ್ನ ಅಂದಾಜು ತಿಂಗಳಿಗೆ ಗಾಡಿಗೆ 8,000. ಟೈರು, ಆಯಿಲ್, ಬ್ರೇಕ್, ಕ್ಲಚ್ ಪ್ಲೇಟಿಗೆ 7,000. ಹೊಸ ಗಾಡಿಗೆ ಇಷ್ಟೇಕೆ ಅನ್ನಬೇಡ. ಟೈರು ಒಂದೇ ದಿನ ಸವೆಯುವುದಿಲ್ಲ, ಆದರೆ ದುಡ್ಡು ಒಂದೇ ದಿನ ಕೇಳುತ್ತದೆ.

ಡೀಸೆಲ್ಲಿನದು ನೀನು ಕಂಪನಿಯ ಹಾಳೆ ನೋಡಿ ಬರೆದದ್ದು. ಕಂಪನಿ ಎಣಿಸುವುದು ಮೊದಲ ಹುಡುಗ ಹತ್ತಿದಲ್ಲಿಂದ ಗೇಟಿನವರೆಗೆ. ನೀನು ಗಾಡಿ ನಿಲ್ಲಿಸುವುದು ಚಿಖಲಿಯಲ್ಲಿ, ಮೊದಲ ಹುಡುಗ ಹತ್ತುವುದು ರಾವೇತದಲ್ಲಿ. ನಡುವಿನ ಖಾಲಿ ಓಟ ಯಾರ ಲೆಕ್ಕಕ್ಕೆ? ನನ್ನ ಗಾಡಿ ಬಿಲ್ಲಿಗೆ 110 ಕಿ.ಮೀ. ತೋರಿಸಿದ ದಿನ ಮೀಟರಿನಲ್ಲಿ 134 ಇರುತ್ತಿತ್ತು. ಅದಕ್ಕೆ 6,000 ಬರೆದುಕೋ. ನಾಲ್ಕು ಗಾಡಿಗೆ ಒಬ್ಬ ಬದಲಿ ಡ್ರೈವರ್ ಬೇಕು, ಗಾಡಿಗೆ 5,000. ಈಗ ನಿನ್ನ 21,000ದಿಂದ ಇವನ್ನೆಲ್ಲ ಕಳೆ. ಐದು ಸಾವಿರ ನೀನೇ ಕೈಯಿಂದ ಹಾಕಬೇಕು. ರಾತ್ರಿ ಪಾಳಿಯಲ್ಲಿ ಹೆಣ್ಣುಮಗಳಿದ್ದರೆ ಗಾರ್ಡ್ ಕೂಡ ಬೇಕು, ಅವನೂ ಒಂದು ಸೀಟು. ಇದಕ್ಕೆ ಗೊಣಗಬೇಡ. 2007ರಲ್ಲಿ ಇದೇ ಪುಣೆಯಲ್ಲಿ ರಾತ್ರಿ ಪಾಳಿಗೆ ಹೊರಟ ಹುಡುಗಿಯನ್ನು ಕ್ಯಾಬ್ ಡ್ರೈವರೇ ಜೊತೆಗಾರನ ಸಂಗಡ ಸೇರಿ ಕೊಂದ. ನನಗೂ ಆಗ ಮನೆಯಲ್ಲಿ ಓದುವ ಮಗಳಿದ್ದಳು.

ಮಲ್ಲೂ, ಬಿಲ್ಲು ಬರೆದದ್ದು ದುಡ್ಡಲ್ಲ. ಒಂದನೇ ತಾರೀಖಿಗೆ ಬಿಲ್ಲು ಕೊಡುತ್ತೀ. ಟ್ರಾನ್ಸ್‌ಪೋರ್ಟ್ ಡೆಸ್ಕಿನ ಹುಡುಗ ಜಿಪಿಎಸ್ ತಾಳೆ ನೋಡಿ ಹತ್ತು ನಿಮಿಷ ತಡವಾದ ಟ್ರಿಪ್ಪೆಲ್ಲ ಕತ್ತರಿಸುತ್ತಾನೆ. ಆಮೇಲೆ ಅದು ಅಕೌಂಟ್ಸಿಗೆ ಹೋಗಿ ಮಲಗುತ್ತದೆ. ನನಗೆ ಎಪ್ಪತ್ತೈದು ದಿನಕ್ಕಿಂತ ಮುಂಚೆ ದುಡ್ಡು ಕಂಡದ್ದು ಅಪರೂಪ. ಪಂಪಿನವನು ಉದ್ರಿ ಕೊಡುವುದು ವಾರ, ಹೆಚ್ಚೆಂದರೆ ಹದಿನೈದು ದಿನ. ನಾಲ್ಕು ಗಾಡಿಗೆ ತಿಂಗಳಿಗೆ ನಾಲ್ಕು ಲಕ್ಷದ ಮೇಲೆ ಹೋಗುತ್ತದೆಯಲ್ಲ, ಎರಡೂವರೆ ತಿಂಗಳಿಗೆ ಹತ್ತು ಹನ್ನೊಂದು ಲಕ್ಷ ಸದಾ ಮತ್ತೊಬ್ಬರ ಕಿಸೆಯಲ್ಲಿ. ಅದಕ್ಕೆ ಬಡ್ಡಿ ಕಟ್ಟುವವನು ನೀನು. ಒಂದು ಅನುಕೂಲ ಈಗ ಬಂದಿದೆ, ನನ್ನ ಕಾಲಕ್ಕೆ ಇರಲಿಲ್ಲ: ಉದ್ಯಮ್ ನೋಂದಣಿ ಮಾಡಿಸು. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡದಿದ್ದರೆ ಕೊಡುವವರೆಗೆ ಕಂಪನಿಗೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸಲು ಬರುವುದಿಲ್ಲ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ದೊಡ್ಡದಾಗಿ ಹಾಕು. ಡೀಸೆಲ್ ಏರಿದರೆ ದರವೂ ಏರಬೇಕೆಂಬ ಮಾತು ಕರಾರಿನಲ್ಲಿ ಬರಲಿ. "ಆಮೇಲೆ ನೋಡೋಣ" ಅಂದರೆ ನೋಡುವುದಿಲ್ಲವೆಂದೇ ತಿಳಿ.

ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದದ್ದೂ ನೋಡಿದೆ. ಶುಕ್ರವಾರ ರಾತ್ರಿ ಊರಿಗೆ ಹೋಗುವ ನಮ್ಮ ಮಂದಿಯನ್ನು ಸೀಟಿನ ಲೆಕ್ಕದಲ್ಲಿ ಸೊಲ್ಲಾಪುರ ದಾರಿಯಿಂದ ವಿಜಯಪುರಕ್ಕೆ ಒಯ್ಯುವುದು, ಭಾನುವಾರ ರಾತ್ರಿ ತರುವುದು. ಅದನ್ನು ಈಗಲೇ ಅಳಿಸು. ನಿನಗೆ ಸಿಗುವುದು ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್. ಒಪ್ಪಂದದ ಒಂದು ಗುಂಪನ್ನು ಒಯ್ಯಬಹುದು. ದಾರಿಯಲ್ಲಿ ನಿಂತು ನಿಂತು ಬಿಡಿ ಟಿಕೆಟಿನ ಮಂದಿ ಹತ್ತಿಸುವಂತಿಲ್ಲ. ರಾಜ್ಯದ ಗಡಿ ದಾಟಲು ಪರ್ಮಿಟ್ಟೇ ಬೇರೆ. ಎಲ್ಲರೂ ಮಾಡುತ್ತಾರೆ, ಗೊತ್ತು. ಪರ್ಮಿಟ್ ಮೀರಿದರೆ ಕಾನೂನಿನಲ್ಲಿ 10,000 ದಂಡ, ಆರು ತಿಂಗಳವರೆಗೆ ಸಜೆ ಇದೆ. ನನ್ನ ಹೆದರಿಕೆ ಅದಲ್ಲ. ಇಪ್ಪತ್ತೆಂಟರ ಮದುವೆಯಾಗದ ಹುಡುಗ, ಕಾಯಂ ನೌಕರಿ, 60,000 ಪಗಾರ. ಅವನು ನಿನ್ನ ಗಾಡಿಯಲ್ಲಿ ಸತ್ತ ಅನ್ನು (ದೇವರು ಹಾಗೆ ಮಾಡದಿರಲಿ). ಅಪಘಾತ ಪರಿಹಾರದ ನ್ಯಾಯಮಂಡಳಿ ವರ್ಷದ ಪಗಾರಕ್ಕೆ, ಮುಂದೆ ಏರುತ್ತಿತ್ತೆಂದು, ಅರ್ಧ ಕೂಡಿಸಿ, ಅವನ ಸ್ವಂತ ಖರ್ಚೆಂದು ಅರ್ಧ ಕಳೆದು, ವಯಸ್ಸಿಗೆ ತಕ್ಕಂತೆ ಹದಿನೇಳರಿಂದ ಗುಣಿಸುತ್ತದೆ. ತೆರಿಗೆ ಕಳೆಯದೆ ಹಿಡಿದರೆ 91 ಲಕ್ಷದ ಮೇಲೆ. ಕಾಗದಪತ್ರ ಸರಿಯಿದ್ದರೆ ಅದು ವಿಮೆಯವರ ಹೊರೆ. ಪರ್ಮಿಟ್ ಇಲ್ಲದ ಓಟವಾದರೆ ಅವರು ಸತ್ತವರ ಮನೆಗೆ ಕೊಟ್ಟು ನಿನ್ನಿಂದ ವಸೂಲಿಗೆ ಬರುತ್ತಾರೆ. ಊರಿನ ಹೊಲ ಅಕ್ಕನ ಹೆಸರಿನಲ್ಲಿದೆ ಎಂಬುದು ನೆನಪಿರಲಿ.

ಬದಲಿ ಡ್ರೈವರನಿಗೆ ಐದು ಸಾವಿರ ಅಂದೆನಲ್ಲ, ನೀನು ಮೊದಲು ಕಾಟು ಹಾಕುವುದು ಅದಕ್ಕೇ. ನಾನೂ ಹಾಕಿದ್ದೆ. ಆಗ ಐದು ಜನ ಕೆಲಸಕ್ಕಿದ್ದರೆ ಸಾಕು, ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಅನ್ವಯಿಸುತ್ತಿತ್ತು, ದಿನಕ್ಕೆ ಎಂಟು ತಾಸು. ನನಗದು ಗೊತ್ತಿತ್ತು. ಆದರೂ ನಸುಕಿನ ನಾಲ್ಕಕ್ಕೆ ಎದ್ದವನನ್ನು ರಾತ್ರಿ ಹನ್ನೊಂದರ ಡ್ರಾಪಿಗೂ ಕಳಿಸುತ್ತಿದ್ದೆ. ನಡುವೆ ಮಲಗುತ್ತಾನಲ್ಲ ಅನ್ನುತ್ತಿದ್ದೆ. ಮಲಗುವುದೆಂದರೆ ಬೇಸಿಗೆಯಲ್ಲಿ ಹಿಂಜವಡಿಯ ರಸ್ತೆಬದಿ, ಗಾಡಿಯ ಹಿಂದಿನ ಸೀಟು, ತಗಡು ಕಾದ ಬಿಸಿ. 2011ರಲ್ಲಿ ಬೈಪಾಸಿನಲ್ಲಿ ಅವನಿಗೆ ಕಣ್ಣು ಹತ್ತಿ ಗಾಡಿ ಡಿವೈಡರಿಗೆ ಬಡಿಯಿತು. ಯಾರೂ ಸಾಯಲಿಲ್ಲ, ಒಬ್ಬ ಹುಡುಗಿಯ ಕೈ ಮುರಿಯಿತು. ಪೊಲೀಸರು ಡ್ರೈವರನ ಹೆಸರು ಬರೆದುಕೊಂಡರು, ನನ್ನದನ್ನಲ್ಲ. ಅವನು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಈಗ ಆಳಂದಿಯಲ್ಲಿ ಹೂ ಮಾರುತ್ತಾನೆ. ಹೋದಾಗಲೆಲ್ಲ ಮಾಲೆ ಕೊಡುತ್ತಾನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ನನಗೆ ಸಮಾಧಾನವಾಗುತ್ತಿತ್ತು.

2020ರದು ಗೊತ್ತೇ ಇದೆ. ಐಟಿಯವರು ಮನೆಯಿಂದ ಕೆಲಸ ಶುರುಮಾಡಿದರು, ನನ್ನ ಆರು ಗಾಡಿ ಸಾಲಾಗಿ ನಿಂತವು. ಆಗಸ್ಟ್‌ವರೆಗೆ ಕಂತು ಮುಂದೂಡಲು ಬ್ಯಾಂಕು ಒಪ್ಪಿತು; ಬಡ್ಡಿ ಮುಂದೂಡಲಿಲ್ಲ. ಮೂರು ಮಾರಿದೆ. ಓಡಿಸದ ಗಾಡಿಯನ್ನು ಬಳಸುವುದಿಲ್ಲವೆಂದು ಮುಂಚಿತವಾಗಿ ಆರ್‌ಟಿಒಗೆ ಬರೆದುಕೊಟ್ಟರೆ ತೆರಿಗೆ ಉಳಿಯುತ್ತದೆ, ಅದನ್ನು ಕಲಿತಿಟ್ಟುಕೋ.

ಬೇಡ ಅನ್ನುತ್ತಿಲ್ಲ. ನಿಮ್ಮ ಅತ್ತಿಯ ಬಳೆ, ಮಗಳ ಓದು, ಈ ಮನೆ ಎಲ್ಲ ಗಾಡಿಯಿಂದಲೇ ಆದದ್ದು. ಒಂದೇ ಗಾಡಿ ತಗೋ, ನೌಕರಿ ಬಿಡಬೇಡ, ದರ 1,30,000ಕ್ಕಿಂತ ಕಡಿಮೆಗೆ ಒಪ್ಪಬೇಡ. ಕೊಡದಿದ್ದರೆ ಆ ಕಂಪನಿಯೇ ಬೇಡ. ಒಂದು ವರ್ಷ ಪೂರ್ತಿ ಬಿಲ್ಲು, ಪಾಸಿಂಗ್, ಪಂಢರಪುರಕ್ಕೆ ಹೋಗುವ ಪಾಲ್ಖಿಯ ದಿನದ ಬಂದ್ ರಸ್ತೆ ಎಲ್ಲ ನೋಡು. ಮೊದಲ ಮೂರು ತಿಂಗಳ ಡೀಸೆಲ್ಲಿಗೆ ನಾನು ಕೊಡುತ್ತೇನೆ. ಅಕ್ಕನಿಗೆ ಹೇಳಬೇಡ.

ಭಾನುವಾರ ಊಟಕ್ಕೆ ಬಾ, ನಿಮ್ಮ ಅತ್ತಿ ಹೋಳಿಗೆ ಮಾಡುತ್ತಾಳಂತೆ. ಕರಾರುಪತ್ರ ತಾ, ಸಹಿ ಹಾಕದೆ. ಇನ್ನೊಂದು: ಗೊತ್ತು ಮಾಡಿದ ನಾಲ್ವರು ಡ್ರೈವರುಗಳೂ ಇಂಡಿ ಕಡೆಯವರೇ ಅಂದೆ. ಎಲ್ಲರೂ ಹೊಲದ ಪೂಜೆಗೆ ಊರಿಗೆ ಓಡುವ ಎಳ್ಳಮಾವಾಸ್ಯೆಯ ದಿನ ಹಿಂಜವಡಿಗೆ ಗಾಡಿ ಯಾರು ಒಯ್ಯುತ್ತಾರೆ, ಬರೆದುಕೊಂಡು ಬಾ.

ಇಂತಿ,
ನಿನ್ನ ಸೋದರಮಾವ