ಖಾಲಿ ಖಾಲಿ ಇದೆ ಅಂದಿದ್ನಲ್ಲ, ಆ ಹಾಡಿನ ಬಗ್ಗೆ

ಲೋ ಶಿವೂ,

ವಾಟ್ಸಾಪಲ್ಲಿ ಬರೆಯೋಕೆ ಹೋಗಿ ಮೂರು ಸಲ ಅಳಿಸ್ದೆ, ಅದಕ್ಕೇ ಇಲ್ಲಿ ಎಲ್ರ ಮುಂದೇನೇ ಬರೀತಿದೀನಿ, ಹತ್ತು ಜನ ನೋಡ್ತಿದ್ರೆ ಅರ್ಧಕ್ಕೆ ಬಿಟ್ಟು ಎದ್ದು ಹೋಗೋಕಾಗಲ್ವಲ್ಲ. ಓದ್ತಿರೋ ಬೇರೆಯವ್ರಿಗೆ ಇಷ್ಟು ಗೊತ್ತಿದ್ರೆ ಸಾಕು: ಇವನೂ ನಾನೂ ತಿಪಟೂರಲ್ಲಿ ಒಟ್ಟಿಗೆ ಬೆಳೆದೋರು, ನಮ್ಮ ಕೇರಿ ಆರ್ಕೆಸ್ಟ್ರಾದಲ್ಲಿ ಅವನು ಹಾಡ್ತಿದ್ದ, ನಾನು ಕ್ಯಾಸಿಯೋ ಕೀಬೋರ್ಡು ನುಡಿಸ್ತಿದ್ದೆ. ಮೂಲಂಗಿ ಮೇಷ್ಟ್ರ ವಿಷ್ಯ ಇಲ್ಲಿ ಎತ್ತಲ್ಲ, ಹೆದರ್ಕೋಬೇಡ.

ಒಂದು ವಾರದಿಂದ ಒಂದೇ ಆಲ್ಬಮ್ ಕೇಳ್ತಿದೀನಿ ಕಣೋ. ಓವನ್ ಆಶ್ವರ್ಥ್ ಅಂತ, ಕ್ಯಾಲಿಫೋರ್ನಿಯಾದವನು. 'ಕ್ಯಾಸಿಯೋಟೋನ್ ಫಾರ್ ದ ಪೇನ್‌ಫುಲಿ ಅಲೋನ್' ಅಂತ ಹೆಸರಿಟ್ಕೊಂಡು ಹಾಡ್ತಿದ್ದ, ಕೇಳಿದ್ರೆ ಬ್ಯಾಂಡ್ ಅನ್ಸತ್ತೆ, ಇರೋದು ಅವನೊಬ್ನೇ. 1997ರಲ್ಲಿ ಶುರು ಮಾಡಿ 2010ಕ್ಕೆ ಆ ಹೆಸರು ಬಿಟ್ಟ, ಆಮೇಲಿಂದ ಅಡ್ವಾನ್ಸ್ ಬೇಸ್ ಅಂತ ಹಾಡ್ತಾನೆ. ನಾನು ಹಿಡ್ಕೊಂಡು ಕೂತಿರೋದು 1999ರ 'ಆನ್ಸರಿಂಗ್ ಮಷೀನ್ ಮ್ಯೂಸಿಕ್'. ಅಗ್ಗದ ಕೀಬೋರ್ಡು, ಅದರೊಳಗಿಂದಾನೇ ಬರೋ ಟಿಕ್ ಟಿಕ್ ರಿದಮ್ಮು, ಮೇಲೆ ಈಗಷ್ಟೇ ನಿದ್ದೆಯಿಂದ ಎದ್ದು ಬಂದೋನ ಥರದ್ದೊಂದು ದನಿ. ಹಾಡು ಶುರು ಆಯ್ತು ಅನ್ನೋಷ್ಟ್ರಲ್ಲಿ ಮುಗ್ದೇ ಹೋಗಿರತ್ತೆ. 2006ರ 'ಎಟಿಕೆಟ್' ಹೊತ್ತಿಗೆ ಬೇರೆ ವಾದ್ಯಗಳನ್ನೂ ಸೇರಿಸ್ಕೊಂಡ, ಅದು ಹೆಚ್ಚು ಜನಕ್ಕೆ ಇಷ್ಟ ಆಗ್ಬಹುದು, ನಂಗೆ ಮಾತ್ರ ಈ ಮೊದಲ್ನೇದೇ.

ಆ ಸದ್ದಿನ ಹಿಂದಿನ ಕಥೆ ನಿಂಗೆ ಹೇಳ್ಲೇಬೇಕು. ಕ್ಯಾಲ್ಕುಲೇಟರ್ ಮಾಡ್ತಿದ್ದ, ಕ್ಯಾಸಿಯೋ ಕಂಪನಿ ಕಟ್ಟಿದ ಕಾಶಿಯೋ ಅಣ್ತಮ್ಮಂದಿರು 1980ರಲ್ಲಿ ಮೊದಲ ಕೀಬೋರ್ಡ್ ತಂದ್ರು, ಕ್ಯಾಸಿಯೋಟೋನ್ 201, 49 ಕೀ, 29 ಸದ್ದು. ಅದರಲ್ಲಿ ಸದ್ದು ಹುಟ್ಟಿಸೋ ವಿಧಾನಕ್ಕೆ ಅವ್ರು ಇಟ್ಟ ಹೆಸರೇನು ಗೊತ್ತಾ? ವ್ಯಂಜನ-ಸ್ವರ! ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ತಾಗೋ ಮೊದಲ ಟಕ್ ಇದೆಯಲ್ಲ ಅದು ವ್ಯಂಜನ, ಆಮೇಲೆ ಉಳ್ಕೊಳ್ಳೋ ಗುಂಯ್ ಸ್ವರ. ಎರಡನ್ನೂ ಬೇರೆ ಬೇರೆ ಮಾಡಿ ಜೋಡಿಸೋದು. ನಮ್ಮ ಕಾಗುಣಿತಾನೇ ಅಲ್ವೇನೋ, ಕ್ ಜೊತೆ ಅ ಸೇರಿದ್ರೆ ಕ. ಇದು ಓದಿದ್ಮೇಲೆ ಆಲ್ಬಮ್ಮಲ್ಲಿ ಕೀಬೋರ್ಡಿಂದ ಬರೋ ಆ ಪುಟಾಣಿ ಕೊಳಲಿನ ಸದ್ದು ಕೇಳಿದಾಗೆಲ್ಲ ಒಂದ್ನೇ ಕ್ಲಾಸಿನ ಮಗು ಬಾಯ್ಬಿಟ್ಟು ಅಕ್ಷರ ಹೇಳ್ತಿದೆಯೇನೋ ಅನ್ಸತ್ತೆ. ನಿಜವಾದ ಕೊಳಲಿನ ಥರ ಇಲ್ವೇ ಇಲ್ಲ. ಆದ್ರೆ ಆಶ್ವರ್ಥ್ ಅದನ್ನ ಏನೂ ಮುಚ್ಚದೆ ಹಾಗೇ ಬಿಟ್ಟಿದಾನೆ ನೋಡು, ಅಲ್ಲೇ ನಂಗೆ ಕರುಳು ಹಿಂಡಿದ್ದು.

ಯಾಕೆ ಅಂದ್ರೆ ಅದೇ 1999, ನಾವು ಸೆಕೆಂಡ್ ಪಿಯುಸಿ. ನೀನು ಲಾಂಗ್ ನೋಟ್‌ಬುಕ್ಕಿನ ಕೊನೇ ಹಾಳೆ ಹರ್ಕೊಂಡು ನಮ್ಮ ಮನೆ ಅಟ್ಟಕ್ಕೆ ಬಂದಿದ್ದೆ. ನಿಮ್ಮಪ್ಪ ಕೊಬ್ಬರಿ ಮಂಡಿಯಿಂದ ಬಂದು ಅಂಗಿ ಮೊಳೆಗೆ ನೇತಾಕ್ತಿದ್ರಲ್ಲ, ಆ ಅಂಗಿ ಮೇಲೊಂದು ಹಾಡು. ಎರಡೇ ಕಾರ್ಡು (ಒಟ್ಟಿಗೆ ಒತ್ತೋ ಕೀಗಳ ಗುಂಪು) ಹಿಡಿ ಸಾಕು ಅಂದೆ ನೀನು. ನಾನು ಹಿಡ್ದೆ. ನೀನು ಕಣ್ಮುಚ್ಚಿ ಹಾಡ್ದೆ, ಮೂರನೇ ಸಾಲಿಗೆ ನಿನ್ ದನಿ ಒಡೀತು, ಅಲ್ಲಿ ನಿಲ್ಲಿಸದೇನೇ ಮುಂದಕ್ಕೆ ಹೋದೆ. ಮುಗಿದ್ಮೇಲೆ ನಾನಂದಿದ್ದು, "ಚೆನ್ನಾಗಿದೆ, ಆದ್ರೆ ಖಾಲಿ ಖಾಲಿ ಇದೆ ಕಣೋ." ಅಂದು ರಿದಮ್ ಬಟನ್ ಒತ್ತಿ, ಡಿಸ್ಕೋ ಬೀಟ್ ಹಾಕಿ, ಮೇಲೆ ಸ್ಟ್ರಿಂಗ್ಸ್ ಹಾಕಿ, ಈಗ ಹಾಡು ಅಂದೆ. ನೀನು ನಕ್ಕು ಹಾಳೆ ಮಡ್ಚಿ ಜೇಬಿಗಿಟ್ಕೊಂಡೆ. ಆಮೇಲೆ ನೀನು ಇನ್ನೊಂದು ಹಾಡು ಬರೆದಿದ್ದು ನಾನಂತೂ ನೋಡಿಲ್ಲ.

ಇಷ್ಟೇ ಬರೀಬೇಕು ಅಂದ್ಕೊಂಡಿದ್ದೆ. ಆದ್ರೆ ಇನ್ನೂ ಇದೆ. ನೀನು ಹೋದ್ಮೇಲೆ ಆ ರಾತ್ರಿ ವಾಲ್ಯೂಮ್ ಕಮ್ಮಿ ಮಾಡ್ಕೊಂಡು, ರಿದಮ್ ಇಲ್ದೆ, ಆ ಎರಡು ಕಾರ್ಡ್ ಮೇಲೆ ನಿನ್ ಟ್ಯೂನ್ ನುಡಿಸ್ತಾನೇ ಇದ್ದೆ, ಸೆಲ್ಲು ವೀಕಾಗೋವರೆಗೂ. ಖಾಲಿ ಇರ್ಲಿಲ್ಲ ಶಿವೂ. ಆಗ್ಲೇ ಗೊತ್ತಿತ್ತು ನಂಗೆ. ನಂಗ್ಯಾಕೆ ಇಂಥದ್ದು ಬರಲ್ಲ ಅಂತ ಹೊಟ್ಟೆಕಿಚ್ಚು. ಮುಂದಿನ ವರ್ಷದ ಗಣಪತಿ ಪೆಂಡಾಲಲ್ಲಿ, ನಿಮ್ಮಜ್ಜಿ ತೀರ್ಕೊಂಡ್ರು ಅಂತ ನೀನು ಊರಲ್ಲಿ ಇರ್ಲಿಲ್ಲ, ಎರಡು ಸಿನಿಮಾ ಹಾಡಿನ ನಡುವೆ ಅದನ್ನ ನುಡಿಸ್ದೆ. ಯಾವ ಟ್ಯೂನಪ್ಪ ಇದು ಅಂತ ಮೈಕ್ ಸೆಟ್‌ನವ್ರು ಕೇಳಿದ್ರು. ನಂದೇ ಅಂದೆ.

ಸರಿ, ಸಾಕು ಇವತ್ತಿಗೆ. ನಿಮ್ಮತ್ತೇನೂ ಇದನ್ನ ಓದ್ತಾರೆ, ಗೊತ್ತು. ಅತ್ತೆ, ಆ ಸೈಕಲ್ ಕೆರೆಗೆ ಬಿದ್ದಿದ್ದು ಇವನಿಂದಾನೇ.

ಆಲ್ಬಮ್ ಕಳಿಸ್ತೀನಿ, ರಾತ್ರಿ ಮಕ್ಳು ಮಲಗಿದ್ಮೇಲೆ ಹೆಡ್‌ಫೋನ್ ಹಾಕ್ಕೊಂಡು ಕೇಳು. ಆ ಹಾಳೆ ಇನ್ನೂ ಇದ್ರೆ ಸರಿ, ಇಲ್ದಿದ್ರೂ ನೆನಪಿದ್ದಷ್ಟು ವಾಯ್ಸ್ ನೋಟ್ ಮಾಡು. ಮೂರನೇ ಸಾಲು ಒಡೆದ್ರೆ ಒಡೀಲಿ. ಎರಡು ಕಾರ್ಡ್ ನಂಗಿನ್ನೂ ನೆನಪಿದೆ, ರಿದಮ್ ಬಟನ್ ಮುಟ್ಟಲ್ಲ.

ನಿನ್ನ,
ಕ್ಯಾಸಿಯೋ