180 ಮಿ.ಲೀ. ಆಯಿಲ್‌ಗೆ ಒಂದು ಲೀಟರಿನ ಬಿಲ್, ಅದೂ ತಪ್ಪು ಆಯಿಲ್

ಸರ್ವೀಸ್ ಮ್ಯಾನೇಜರ್ ಅವರಿಗೆ,

ವಿಷಯ: ನನ್ನ ಶಾಫ್ಟ್ ಡ್ರೈವ್ (ಚೈನಿನ ಬದಲು ಶಾಫ್ಟಿನಿಂದ ಓಡುವ) ಬೈಕಿನ ಫೈನಲ್ ಡ್ರೈವಿಗೆ (ಹಿಂದಿನ ಚಕ್ರ ತಿರುಗಿಸುವ ಗೇರಿನ ಪೆಟ್ಟಿಗೆ) ತಪ್ಪು ಗೇರ್ ಆಯಿಲ್ ಹಾಕಿದ್ದು, ಅಳತೆ ಮೀರಿ ಹಾಕಿದ್ದು.

ನಮಸ್ಕಾರ. ನಿಮ್ಮ ವರ್ಕ್‌ಶಾಪ್ ಮಂಗಳೂರಿನಲ್ಲಿ, ನಾನಿರುವುದು ಕಾಸರಗೋಡಿನ ನೀರ್ಚಾಲಿನಲ್ಲಿ. ಇಬ್ಬರಿಗೂ ಕನ್ನಡ ಬರುತ್ತದೆ. ಆದರೆ ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪಿನ್‌ಕೋಡ್ ಕೇಳಿ ಮಲಯಾಳದವರಿಗೆ ಕೊಡುತ್ತಾರೆ, ಅಲ್ಲಿಂದ ಹಿಂದಿಯವರಿಗೆ. ಮೂರು ಸಲ ಹೇಳಿದ ಕತೆಯನ್ನೇ ನಾಲ್ಕನೇ ಸಲ ಹೇಳುವ ಬದಲು ಬರೆದೇ ಕೊಡುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಬೇಡಿ.

ಜೂನ್ 14ರ ಬೆಳಿಗ್ಗೆ ಬೈಕ್ ಬಿಟ್ಟೆ. ಜಾಬ್ ಕಾರ್ಡಿನಲ್ಲಿ ನಾನೇ ನಿಂತು ಬರೆಸಿದ್ದು ಹೀಗೆ: ಫೈನಲ್ ಡ್ರೈವ್ ಆಯಿಲ್ ಬದಲಿಸಬೇಕು, 75ಡಬ್ಲ್ಯೂ-90, ಜಿಎಲ್-5. ಮ್ಯಾನ್ಯುವಲ್‌ನ ಆ ಪುಟದ ಫೋಟೋವನ್ನೂ ನಿಮ್ಮ ಸರ್ವೀಸ್ ಅಡ್ವೈಸರ್‌ಗೆ ವಾಟ್ಸಾಪ್ ಮಾಡಿದ್ದೆ. ಸಂಜೆ ಬಿಲ್ ಕೊಟ್ಟರು. ಅದರಲ್ಲಿ ಇದ್ದದ್ದು 'ಗೇರ್ ಆಯಿಲ್ 90, 1 ಲೀಟರ್, ರೂ. 640' ಅಷ್ಟೇ. ಮಳೆ ಬರುವ ಹಾಗಿತ್ತು, ನಾನೂ ಅವಸರದಲ್ಲಿ ದುಡ್ಡು ಕೊಟ್ಟು ಹೊರಟೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ತಲಪಾಡಿ ದಾಟಿ, ಮಂಜೇಶ್ವರ, ಉಪ್ಪಳ ಎಲ್ಲ ಕಳೆದು ಕುಂಬಳೆಗೆ ಬರುವಾಗ ಜೋರು ಮಳೆ. ಪೇಟೆಯಲ್ಲಿ ಚಾ ಕುಡಿಯೋಣ ಅಂತ ಹಿಂದಿನ ಬ್ರೇಕ್ ಒತ್ತಿದೆ. ಹಿಡಿಯಲೇ ಇಲ್ಲ. ಪೆಡಲ್ ಗಟ್ಟಿ ಇದೆ, ಬೈಕ್ ಮಾತ್ರ ಸುಮ್ನೆ ಹೋಗ್ತಾ ಇದೆ. ಮುಂದಿನ ಬ್ರೇಕಿನಲ್ಲಿ ಹೇಗೋ ನಿಲ್ಲಿಸಿ ಇಳಿದು ನೋಡಿದರೆ ಬ್ರೀದರ್‌ನಿಂದ (ಫೈನಲ್ ಡ್ರೈವಿನ ಗಾಳಿ ಹೋಗುವ ತೂತು) ಆಯಿಲ್ ಉಕ್ಕಿ, ರಿಮ್ಮಿನ ಮೇಲೆ ಹರಿದು, ಡಿಸ್ಕಿನ ತುಂಬ ಹರಡಿತ್ತು. ಟಯರಿನ ಅಂಚಿನಲ್ಲೂ ಒಂದು ಬೆರಳಗಲ. ಚಾದಂಗಡಿಯವರು ಹಳೇ ಪೇಪರನ್ನೂ ಪಾತ್ರೆ ತೊಳೆಯುವ ಸೋಪನ್ನೂ ಕೊಟ್ಟರು. ಅವರು ಚಾದ ದುಡ್ಡೂ ತೆಗೆದುಕೊಳ್ಳಲಿಲ್ಲ. ಅಲ್ಲಿಂದ ಸೀತಾಂಗೋಳಿ ಹತ್ತಿ ಮನೆಗೆ ಬರಲು ನನಗೆ ಒಂದು ಗಂಟೆ ಹಿಡಿಯಿತು.

ದಾರಿಯಲ್ಲೇ ನಿಮ್ಮ ಅಡ್ವೈಸರ್‌ಗೆ ಫೋನ್ ಮಾಡಿದ್ದೆ. 'ಸರ್, ಆಯಿಲ್ ಸ್ವಲ್ಪ ಜಾಸ್ತಿ ಇದ್ದರೆ ಗೇರಿಗೆ ಒಳ್ಳೆಯದೇ' ಅಂದರು.

ಮರುದಿನ ಬೆಳಿಗ್ಗೆ ನಾನೇ ಬಿಚ್ಚಿದೆ. ಈ ಬೈಕಿನಲ್ಲಿ ಮಟ್ಟ ನೋಡುವ ತೂತು ಇಲ್ಲ, ಅಳೆದೇ ಹಾಕಬೇಕು, 180 ಮಿ.ಲೀ. ಅಂತ ಮ್ಯಾನ್ಯುವಲ್ ಹೇಳುತ್ತದೆ. ಅಡಿಕೆಗೆ ಮದ್ದು ಬಿಡುವಾಗ ಬಳಸುವ ಅಳತೆಯ ಗ್ಲಾಸ್ ನಮ್ಮಲ್ಲಿ ಇದೆ. ಮೈಲುತುತ್ತಿನ ನೀಲಿ ಕಲೆ ಹೋಗದಿದ್ದರೂ ಗೆರೆಗಳು ಸರಿಯಾಗಿ ಕಾಣುತ್ತವೆ. ಅದಕ್ಕೆ ಇಳಿಸಿದರೆ 260 ಮಿ.ಲೀ. ಬಂತು. ದಾರಿಯುದ್ದಕ್ಕೂ ಸೋರಿದ ಮೇಲೂ ಇಷ್ಟು! ಒಳಗೆ ಬಿಸಿಯಾಗಿ ಹಿಗ್ಗುವ ಎಣ್ಣೆಗೆ ಜಾಗ ಬೇಕು ಅಲ್ವಾ? ಜಾಗ ಇಲ್ಲದಿದ್ದರೆ ಬ್ರೀದರ್‌ನಿಂದ ಉಕ್ಕುತ್ತದೆ, ಇಲ್ಲವೇ ಎಣ್ಣೆ ಸೋರದಂತೆ ತಡೆಯುವ ಸೀಲನ್ನು ಹೊರಗೆ ತಳ್ಳುತ್ತದೆ. ನನ್ನ ಪುಣ್ಯಕ್ಕೆ ಬ್ರೀದರ್‌ನಿಂದ ಉಕ್ಕಿತು.

ಈಗ ಆಯಿಲಿನ ವಿಷಯಕ್ಕೆ ಬರುತ್ತೇನೆ. ಯಾವ ಆಯಿಲ್ ಹಾಕಿದ್ದು ಅಂತ ಕೇಳಿದ್ದಕ್ಕೆ, '90 ಅಂದ್ರೆ 90, ಎಲ್ಲ ಒಂದೇ ಸರ್' ಅಂತ ಹೇಳಿ ಅಡ್ವೈಸರ್ ಕ್ಯಾನಿನ ಫೋಟೋ ಕಳಿಸಿದರು. ದೊಡ್ಡ ಅಕ್ಷರದಲ್ಲಿ 'ಇಪಿ 90' ಅಂತ ಇದೆ, ಸರಿ. ಫೋಟೋ ಹಿಗ್ಗಿಸಿ ಕೆಳಗಿನ ಸಾಲು ಓದಿ ನೋಡಿ. ಎಪಿಐ ಜಿಎಲ್-4. ನಿಮ್ಮವರೇ ಕಳಿಸಿದ ಸಾಕ್ಷಿ ಇದು.

90 ಎನ್ನುವುದು ಎಣ್ಣೆ ಎಷ್ಟು ಮಂದ ಅಂತ ಮಾತ್ರ ಹೇಳುತ್ತದೆ. ಜಿಎಲ್ ನಂಬರ್ ಅದು ಎಂಥ ಗೇರನ್ನು ತಾಳುತ್ತದೆ ಅಂತ ಹೇಳುತ್ತದೆ. ನನ್ನ ಬೈಕಿನದು ಹೈಪಾಯ್ಡ್ ಗೇರ್. ಶಾಫ್ಟಿನ ತುದಿಯ ಪಿನಿಯನ್ (ಚಿಕ್ಕ ಗೇರ್) ದೊಡ್ಡ ಗೇರಿನ ನಟ್ಟನಡುವಿಗೆ ಬಂದು ಸೇರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒಂದನ್ನೊಂದು ಉಜ್ಜುತ್ತಾ ಜಾರುತ್ತವೆ. ಆ ಒತ್ತಡಕ್ಕೆ ಎಣ್ಣೆಯ ಪದರ ಹಿಂಡಿ ಹೋಗುತ್ತದೆ. ಆಗ ಕೆಲಸಕ್ಕೆ ಬರುವುದು ಎಣ್ಣೆಯಲ್ಲಿ ಸೇರಿಸಿದ ಗಂಧಕ, ರಂಜಕದ ಅಡಿಟಿವ್. ಹಲ್ಲು ಕಾದ ಕಡೆ ಅದು ತೆಳ್ಳಗೆ ಪದರ ಕಟ್ಟಿ ಉಕ್ಕಿಗೆ ಉಕ್ಕು ಅಂಟದ ಹಾಗೆ ನೋಡಿಕೊಳ್ಳುತ್ತದೆ. ಜಿಎಲ್-4ರಲ್ಲಿ ಇದು ಕಮ್ಮಿ, ಜಿಎಲ್-5ರಲ್ಲಿ ಜಾಸ್ತಿ. ಮ್ಯಾನ್ಯುವಲ್ ಬರೆದವರು ಸುಮ್ನೆ ಬರೆದದ್ದಲ್ಲ.

ಇದಕ್ಕೆ ನಿಮ್ಮ ಸೀನಿಯರ್ ಮೆಕ್ಯಾನಿಕ್ ಫೋನಿನಲ್ಲಿ ಎರಡು ಕಾರಣ ಕೊಟ್ಟರು. ಜಿಎಲ್-5 ಹಿತ್ತಾಳೆಯನ್ನು ತಿನ್ನುತ್ತದೆ ಅನ್ನುವುದು ಒಂದು. ಅದು ಕಾರು, ಜೀಪಿನ ಗೇರ್‌ಬಾಕ್ಸಿನ ಮಾತು. ಅಲ್ಲಿ ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತದೆ, ಹಾಗಾಗಿ ನಮ್ಮ ತೋಟದ ಹಳೇ ಜೀಪಿನ ಗೇರ್‌ಬಾಕ್ಸಿಗೆ ನಾನೂ ಜಿಎಲ್-4 ಹಾಕುತ್ತೇನೆ. ಬೈಕಿನ ಫೈನಲ್ ಡ್ರೈವಿನಲ್ಲಿ ಸಿಂಕ್ರೊ ಎಲ್ಲಿಂದ ಬಂತು? ಇನ್ನೊಂದು, ಬೈಕಿಗೆ ಎಂಜಿನ್ ಆಯಿಲೇ 20ಡಬ್ಲ್ಯೂ-50 ಸಾಕಾಗುವಾಗ 90 ಅಂದರೆ ಎಷ್ಟೋ ಮಂದ, ಹಾಕಿದ್ದೇ ದೊಡ್ಡದು ಅಂತ. ಎರಡರ ಅಳತೆಗೋಲೇ ಬೇರೆ. ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಕಿಲೋದಲ್ಲಿ ತೂಗಿದ ಅಕ್ಕಿಯನ್ನೂ ಬರೀ ಅಂಕೆ ನೋಡಿ ಹೋಲಿಸಿದ ಹಾಗಾಯಿತು. 100 ಡಿಗ್ರಿಯಲ್ಲಿ ಗೇರ್ ಆಯಿಲ್ 90ರ ಮಂದ 13.5ರಿಂದ 18.5 ಸೆಂಟಿಸ್ಟೋಕ್ಸ್ (ಮಂದ ಅಳೆಯುವ ಮಾನ) ಒಳಗೆ, ಎಂಜಿನ್ ಆಯಿಲ್ 50ರದು 16.3ರಿಂದ 21.9 ಒಳಗೆ. ಅಂದರೆ ಬಿಸಿಯಾದಾಗ 50ರದ್ದೇ ಮಂದ ಜಾಸ್ತಿ ಇದ್ದರೂ ಇರಬಹುದು.

75ಡಬ್ಲ್ಯೂ ಸಿಗಲಿಲ್ಲ, 80ಡಬ್ಲ್ಯೂ-90 ಜಿಎಲ್-5 ಹಾಕಿದೆವು ಅಂದಿದ್ದರೆ ನಾನು ಜಗಳಕ್ಕೇ ಬರುತ್ತಿರಲಿಲ್ಲ. ಆ 75 ಇರುವುದು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಗೆ. ನೀರ್ಚಾಲಿನಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ಹಾಕಿ ಮಲಗುವವರು ನಾವು.

ಗೇರ್ ಹಾಳಾಗಿದೆ ಅಂತಲೂ ನಾನು ಹೇಳುತ್ತಿಲ್ಲ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ವಿಭೂತಿ ಕಲಸಿದ ಹಾಗೆ ಬೂದು ಬಣ್ಣದ ಪೇಸ್ಟ್ ಇತ್ತು, ಬೆರಳಲ್ಲಿ ಉಜ್ಜಿದರೆ ಚೂರು, ಹರಳು ಏನೂ ಸಿಗಲಿಲ್ಲ. ಅಷ್ಟು ಮಾಮೂಲು. ಓಡಿದ್ದು ಐವತ್ತು ಚಿಲ್ಲರೆ ಕಿಲೋಮೀಟರ್ ಮಾತ್ರ. ಇದೇ ಆಯಿಲಿನಲ್ಲಿ ವರ್ಷವಿಡೀ ಓಡಿಸಿದ್ದರೆ ಏನಾಗುತ್ತಿತ್ತೋ. ಆದರೆ ಬ್ರೇಕ್ ಪ್ಯಾಡ್ ಎಣ್ಣೆ ಕುಡಿದು ಹೋಗಿದೆ, ಅದನ್ನು ತೊಳೆದು ಹಾಕುವ ಹಾಗಿಲ್ಲ. ಹೊಸದಕ್ಕೆ 4,200 ರೂಪಾಯಿ ಕೊಟ್ಟಿದ್ದೇನೆ, ಬಿಲ್ ಇದರ ಜೊತೆಗಿದೆ.

ನನಗೆ ಬೇಕಾದ್ದು ಇಷ್ಟು. ಪ್ಯಾಡಿನ 4,200, ಆಯಿಲಿನ 640, ಆ ಕೆಲಸಕ್ಕೆ ಹಾಕಿದ ಕೂಲಿ 450, ಒಟ್ಟು 5,290 ರೂಪಾಯಿ ವಾಪಸ್ ಕೊಡಿ. ಫೈನಲ್ ಡ್ರೈವಿನ ಸೀಲ್ ಒಮ್ಮೆ ಪರೀಕ್ಷೆ ಮಾಡಿ ಬರಹದಲ್ಲಿ ಕೊಡಿ, ಅದಕ್ಕೆ ನಾನು ದುಡ್ಡು ಕೊಡುವುದಿಲ್ಲ. ಇನ್ನು ಮುಂದೆ ಯಾರ ಬಿಲ್ ಆದರೂ ಸರಿ, ಆಯಿಲಿನ ಪೂರ್ತಿ ಗ್ರೇಡ್, ಜಿಎಲ್ ನಂಬರ್, ಎಷ್ಟು ಮಿ.ಲೀ. ಹಾಕಿದ್ದು ಅಂತ ಬರೆಯಿರಿ. ಒಂದು ಲೀಟರಿಗೆ ದುಡ್ಡು ತೆಗೆದುಕೊಂಡರೆ ಉಳಿದ ಆಯಿಲ್ ಗಿರಾಕಿಯ ಕೈಗೆ ಕೊಡಿ. ನನ್ನದು ಎಲ್ಲಿ ಹೋಯಿತು ಅಂತ ಇವತ್ತಿಗೂ ಯಾರೂ ಹೇಳಿಲ್ಲ.

15 ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಅದರಲ್ಲೂ ಆಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ವರ್ಕ್‌ಶಾಪ್ ಕರ್ನಾಟಕದಲ್ಲಿದೆ, ಇಲ್ಲಿ ಕೇಸ್ ನಡೆಯುವುದಿಲ್ಲ ಅಂತ ನಿಮ್ಮ ಅಡ್ವೈಸರ್ ಹೇಳಿದ್ದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಇಳಿಸಿದ ಆಯಿಲನ್ನು ಬಾಟಲಿಯಲ್ಲಿ ತುಂಬಿ ತಾರೀಕು ಬರೆದು ಎತ್ತಿಟ್ಟಿದ್ದೇನೆ, ಯಾರಾದರೂ ಬಂದು ನೋಡಬಹುದು. ಶನಿವಾರ ಮಾತ್ರ ಬೇಡ, ಮಳೆ ಬಿಟ್ಟರೆ ಅವತ್ತು ತೋಟಕ್ಕೆ ಮದ್ದು ಬಿಡಲು ಜನ ಬರುತ್ತಾರೆ, ಗ್ಲಾಸೂ ಬೇಕು, ನಾನೂ ಬೇಕು.

ಇಂತಿ,
ನಿಮ್ಮ ಗಿರಾಕಿ
ನೀರ್ಚಾಲು, ಕಾಸರಗೋಡು